ಹಾಸ್ಟೆಲ್ ಮೆಸ್ಸಿನಲ್ಲಿ ಆರು ವಾರದ ಇಂಟರ್ನ್‌ಶಿಪ್: ಈರುಳ್ಳಿ ಹೆಚ್ಚುವುದರ ಆಚೆಗೆ ಏನಾದರೂ ಇದೆಯೇ?

ಬೆಲ್ಲದಚ್ಚು, ಏಪ್ರಿಲ್ 17

ನಾನು ಮಂಡ್ಯದ ಕಡೆಯವಳು. ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ, ಆಹಾರ ಮತ್ತು ಪೋಷಣೆ ನನ್ನ ವಿಷಯಗಳಲ್ಲೊಂದು. ರಜೆಯಲ್ಲಿ ಆರು ವಾರ ಎಲ್ಲಾದರೂ ಕೆಲಸ ಕಲಿತು ವರದಿ ಒಪ್ಪಿಸಬೇಕು. ಒಬ್ಬ ಗೆಳತಿಗೆ ಆಸ್ಪತ್ರೆಯ ಪಥ್ಯಾಹಾರ ವಿಭಾಗ ಸಿಕ್ಕಿತು, ಇನ್ನೊಬ್ಬಳಿಗೆ ಬಿಸ್ಕತ್ತಿನ ಕಾರ್ಖಾನೆ. ನನ್ನ ಪಾಲಿಗೆ ಬಂದದ್ದು ಒಂದು ವಿಶ್ವವಿದ್ಯಾನಿಲಯದ ಹುಡುಗಿಯರ ಹಾಸ್ಟೆಲ್ಲಿನ ಮೆಸ್. ಯಾವುದೆಂದು ಹೇಳುವುದಿಲ್ಲ, ಕೇಳಬೇಡಿ. ಸ್ನಾತಕೋತ್ತರದವರೂ ಸಂಶೋಧನೆಯವರೂ ಇರುವುದರಿಂದ ಬೇಸಿಗೆಯಲ್ಲೂ ಅಲ್ಲಿ ಒಲೆ ಆರುವುದಿಲ್ಲ.

ಇವತ್ತಿಗೆ ನಾಲ್ಕು ದಿನ. ಮೊದಲ ದಿನ ಈರುಳ್ಳಿ ಹೆಚ್ಚಿದೆ. ಎರಡನೆಯ ದಿನವೂ ಈರುಳ್ಳಿಯೇ. ಮೂರನೆಯ ದಿನ ಸ್ಟೋರ್ ನೋಡಿಕೊಳ್ಳುವವರು ನನ್ನ ಅಕ್ಷರ ದುಂಡಗಿದೆ ಎಂದು ಸ್ಟಾಕ್ ರಿಜಿಸ್ಟರ್ ನಕಲು ಮಾಡಲು ಕೂರಿಸಿದರು. ಇವತ್ತು ಕೊತ್ತಂಬರಿ ಸೊಪ್ಪು ಬಿಡಿಸಿದೆ. "ಮನೆಯಲ್ಲಿ ಒಂದು ಲೋಟ ತೊಳೆಯದವಳು ಇನ್ನೂರು ಜನರ ಅಡುಗೆಗೆ ಹೋಗಿದ್ದಾಳೆ" ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ನಗುತ್ತಿದ್ದಾರೆ. ಸಂಬಳವಿಲ್ಲ, ಊಟ ಉಂಟು. ವರದಿಗೆ ಏನು ಬರೆಯಲಿ? ಇರಲೇ, ಬಿಟ್ಟು ಬೇರೆ ಕಡೆ ನೋಡಲೇ?

ಕೈಮರ, ಏಪ್ರಿಲ್ 17

ಬಿಟ್ಟುಬಿಡಿ. ಈರುಳ್ಳಿ ಹೆಚ್ಚಲು ಆಳು ಬೇಕಾದರೆ ಕೂಲಿ ಕೊಟ್ಟು ಇಟ್ಟುಕೊಳ್ಳಲಿ. ಇಂಟರ್ನ್‌ಶಿಪ್ ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಳ್ಳುವುದು ಈಗ ಎಲ್ಲ ಕಡೆ ನಡೆಯುತ್ತಿದೆ. ಪ್ರಮಾಣಪತ್ರದಲ್ಲಿ "ಕೊತ್ತಂಬರಿ ಬಿಡಿಸುವುದರಲ್ಲಿ ಪರಿಣತಿ" ಎಂದು ಬರೆದುಕೊಡುತ್ತಾರೆಯೇ?

ಬನ್ನೂರು ಕುರಿ, ಏಪ್ರಿಲ್ 17

ಊಟ ಹೇಗಿದೆ, ಅದನ್ನು ಮೊದಲು ಹೇಳಿ. ಮಿಕ್ಕದ್ದು ಆಮೇಲೆ.

ಲೆಕ್ಕಪತ್ರ, ಏಪ್ರಿಲ್ 18

ಮೂವತ್ತೊಂದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಸವೆದವನು ನಾನು. ನಿಮಗೆ ನಾಲ್ಕು ದಿನದಲ್ಲಿ ಸಿಕ್ಕ ಅತಿ ಬೆಲೆಯ ವಸ್ತು ಯಾವುದು ಗೊತ್ತೇ? ಆ ಸ್ಟಾಕ್ ರಿಜಿಸ್ಟರ್. ಸಾಮಾನ್ಯವಾಗಿ ಅದನ್ನು ಹೊರಗಿನವರಿಗೆ ಮುಟ್ಟಲೂ ಕೊಡುವುದಿಲ್ಲ. ದುಂಡಗಿನ ಅಕ್ಷರಕ್ಕೆ ನಮಸ್ಕಾರ ಹೇಳಿ.

ನಕಲು ಮಾಡುವಾಗ ಕೈ ಒಂದು ಕಡೆ, ಕಣ್ಣು ಒಂದು ಕಡೆ ಇರಬಾರದು. ಆರಂಭದ ಶಿಲ್ಕು, ಬಂದದ್ದು, ಅಡುಗೆಗೆ ಕೊಟ್ಟದ್ದು, ಉಳಿದದ್ದು ಎಂದು ನಾಲ್ಕು ಕಾಲಂ ಇರುತ್ತವೆ. "ಕೊಟ್ಟದ್ದು" ಎಂಬ ಕಾಲಂ ಮಾತ್ರ ನೋಡಿ. ಅಕ್ಕಿಯನ್ನು ಆ ದಿನ ಉಂಡವರ ಸಂಖ್ಯೆಯಿಂದ ಭಾಗಿಸಿ. ತಲೆಗೆ ಎಷ್ಟು ಗ್ರಾಂ ಬರುತ್ತದೆ? ಸೋಮವಾರಕ್ಕೂ ಶನಿವಾರಕ್ಕೂ ವ್ಯತ್ಯಾಸ ಇದೆಯೇ? ವಾರದ ಏಳೂ ದಿನ ಅಕ್ಕಿ ಒಂದೇ ಅಂಕಿಯಾಗಿದ್ದರೆ ಅಲ್ಲಿ ಯಾರೂ ಲೆಕ್ಕ ಮಾಡಿ ಅಡುಗೆ ಮಾಡುತ್ತಿಲ್ಲ ಎಂದು ಅರ್ಥ.

ಗಂಗೋತ್ರಿ 86, ಏಪ್ರಿಲ್ 18

ಬಿಡಬೇಡಿ ತಂಗಿ. 1986ರಲ್ಲಿ ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಎರಡು ತಿಂಗಳು ಮೆಸ್ ಕಾರ್ಯದರ್ಶಿಯಾಗಿದ್ದೆ. ಎಂ.ಎ. ಓದಿದ್ದು ಮರೆತಿದೆ, ಮೆಸ್ಸಿನಲ್ಲಿ ಕಲಿತದ್ದು ಮರೆತಿಲ್ಲ.

ಮೊದಲು ಒಂದು ಪ್ರಶ್ನೆ. ನಿಮ್ಮದು ಡಿವೈಡಿಂಗ್ ಸಿಸ್ಟಮ್ಮೋ, ಕಂಟ್ರಾಕ್ಟೋ? ಗೊತ್ತಿಲ್ಲದವರಿಗೆ ಹೇಳುತ್ತೇನೆ: ಡಿವೈಡಿಂಗ್ ಎಂದರೆ ತಿಂಗಳ ಒಟ್ಟು ಖರ್ಚನ್ನು ಉಂಡವರ ತಲೆಗೆ ಹಂಚುವುದು. ಅಕ್ಕಿ, ಬೇಳೆ, ತರಕಾರಿ, ಗ್ಯಾಸ್, ಹಾಲು ಎಲ್ಲ ಸೇರಿಸಿ ಭಾಗಿಸಿದರೆ ತಿಂಗಳ ಬಿಲ್ಲು. ಊರಿಗೆ ಹೋಗುವವರು ಮುಂಚೆ ಬರೆದುಕೊಟ್ಟರೆ ಅಷ್ಟು ದಿನದ್ದು ಮೆಸ್ ಕಟ್, ಅಂದರೆ ಬಿಲ್ಲಿನಲ್ಲಿ ಕಡಿತ. ಇದರಲ್ಲಿ ಮಿಕ್ಕು ಎಸೆದ ಅನ್ನದ ದುಡ್ಡನ್ನೂ ಹುಡುಗರೇ ಕೊಡುತ್ತಾರೆ. ಆದರೆ ಅದು ಬಿಲ್ಲಿನಲ್ಲಿ ಬೇರೆ ಕಾಣಿಸುವುದಿಲ್ಲವಾದ್ದರಿಂದ ಯಾರಿಗೂ ಹೊಟ್ಟೆ ಉರಿಯುವುದಿಲ್ಲ. ಕಂಟ್ರಾಕ್ಟಿನಲ್ಲಿ ತಟ್ಟೆಗಿಷ್ಟು ಎಂದು ದರ. ಅಲ್ಲಿ ಅನ್ನ ಮಿಗುವುದಿಲ್ಲ, ಸಾರಿನಲ್ಲಿ ಬೇಳೆಯೇ ಇರುವುದಿಲ್ಲ.

ನಾನು ಕಾರ್ಯದರ್ಶಿಯಾದ ಮೊದಲ ತಿಂಗಳು ಬಿಲ್ಲು ಇಳಿಸಲೇಬೇಕೆಂದು ದೇವರಾಜ ಮಾರುಕಟ್ಟೆಗೆ ಮುಂಜಾನೆ ಸೈಕಲ್ಲಿನಲ್ಲಿ ಹೋಗಿ ಅಗ್ಗದ ತರಕಾರಿ ತಂದೆ. ಇಡೀ ತಿಂಗಳು ಸೀಮೆಬದನೆ. ಬಿಲ್ಲು ಇಳಿಯಿತು, ನನ್ನ ಹೆಸರು ಸೀಮೆಬದನೆ ಎಂದಾಯಿತು. ಮೊನ್ನೆ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಕುಲಸಚಿವರಾಗಿ ನಿವೃತ್ತನಾದ ಗೆಳೆಯನೊಬ್ಬ ಎಲ್ಲರೆದುರಿಗೆ ಅದೇ ಹೆಸರಿನಿಂದ ಕರೆದ.

ಇನ್ನೊಂದು ಮಾತು. ನಮ್ಮ ತಂದೆ ಈ ಊರಿನಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಉಣ್ಣುವವನು ಬರುತ್ತಾನೋ ಇಲ್ಲವೋ ಎಂಬುದು ಆ ಮನೆಯ ಗೃಹಿಣಿಗೆ ಖಚಿತವಾಗಿ ಗೊತ್ತಿರುತ್ತಿತ್ತು. ಇನ್ನೂರು ಜನರ ಮೆಸ್ಸಿನಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ.

ಕಾರಂಜಿ ದಂಡೆ, ಏಪ್ರಿಲ್ 18

ಆಸ್ಪತ್ರೆಯಲ್ಲಿ ಪಥ್ಯಾಹಾರ ತಜ್ಞೆಯಾಗಿದ್ದೇನೆ. ಒಂದು ಸಣ್ಣ ಸಲಹೆ: ಅಡುಗೆಗೆ ಬಳಸುವ, ಚುಚ್ಚಿ ನೋಡುವ ಥರ್ಮಾಮೀಟರ್ ಒಂದನ್ನು ಕೊಂಡುಕೊಳ್ಳಿ. ಬೇಯಿಸಿದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವೆ ಇರುವಷ್ಟು ಹೊತ್ತೂ ಅದು ಬ್ಯಾಕ್ಟೀರಿಯಾದ ತೊಟ್ಟಿಲು. ಪುಸ್ತಕದಲ್ಲಿ ಇದನ್ನು ಓದಿರುತ್ತೀರಿ. ಕೊಪ್ಪರಿಗೆಯಲ್ಲಿ ಚುಚ್ಚಿ ನೋಡಿದಾಗ ಪುಸ್ತಕ ಬೇರೆಯೇ ಆಗಿ ಕಾಣಿಸುತ್ತದೆ.

ಹಾಗೆಯೇ ಗೋಡೆಯ ಮೇಲೆ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇದೆಯೇ, ಅಡುಗೆಯವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗುತ್ತದೆಯೇ, ಕರಿದ ಎಣ್ಣೆಯನ್ನು ಎಷ್ಟು ಸಲ ಬಳಸುತ್ತಾರೆ, ಇದನ್ನೆಲ್ಲ ಸುಮ್ಮನೆ ನೋಡಿಟ್ಟುಕೊಳ್ಳಿ. ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು (ಮತ್ತೆ ಮತ್ತೆ ಕಾಯಿಸಿದಾಗ ಹೆಚ್ಚುವ ಕೆಟ್ಟ ವಸ್ತುಗಳು) ಶೇ. 25 ಮೀರಬಾರದು ಎಂಬ ನಿಯಮ 2018ರ ಜುಲೈಯಿಂದ ಇದೆ. ಮೊದಲ ವಾರವೇ ಹೋಗಿ ಪ್ರಶ್ನೆ ಕೇಳಬೇಡಿ, ಹೊರಗೆ ಹಾಕುತ್ತಾರೆ.

ಬೆಲ್ಲದಚ್ಚು, ಏಪ್ರಿಲ್ 26

ಬಿಡಲಿಲ್ಲ. ಇಲ್ಲಿ ಡಿವೈಡಿಂಗ್ ಸಿಸ್ಟಮ್. ಬನ್ನೂರು ಕುರಿಯವರೇ, ಊಟ ಚೆನ್ನಾಗಿದೆ, ಭಾನುವಾರದ ತಿಂಡಿ ಬಿಟ್ಟು. ಅದರ ಕಥೆ ಮುಂದೆ ಬರುತ್ತದೆ.

ಲೆಕ್ಕಪತ್ರದವರು ಹೇಳಿದಂತೆ ರಿಜಿಸ್ಟರ್ ಓದಿದೆ. ದಾಖಲಾತಿಯಲ್ಲಿ 240 ಹುಡುಗಿಯರು. ರಾತ್ರಿಯ ಊಟಕ್ಕೆ ಪ್ರತಿದಿನ 30 ಕಿಲೋ ಅಕ್ಕಿ. ತಲೆಗೆ 125 ಗ್ರಾಂ. ಸೋಮವಾರವೂ 30, ಶನಿವಾರವೂ 30. ಆದರೆ ಬುಧವಾರ ಮಾತ್ರ ಬೇರೆ: ಒಂದು ಬುಧವಾರ ಅಕ್ಕಿ 12, ರಾಗಿಹಿಟ್ಟು 14. ಇನ್ನೊಂದು ಬುಧವಾರ ಅಕ್ಕಿ 13, ರಾಗಿಹಿಟ್ಟು 15 ಚಿಲ್ಲರೆ. ಬುಧವಾರ ಮುದ್ದೆಯ ದಿನ.

ಯಾಕೆ ಹೀಗೆಂದು ಮುಖ್ಯ ಅಡುಗೆಯವರನ್ನು ಕೇಳಿದೆ (ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಾರೆ). ಅವರು ಉತ್ತರ ಹೇಳಲಿಲ್ಲ. "ಬುಧವಾರ ನಾಲ್ಕು ಗಂಟೆಗೆ ಬಾ" ಎಂದರು.

ಹೋದೆ. ಸಹಾಯಕಿ ಅಕ್ಕ ಒಬ್ಬರು ಗೇಟಿನ ಹತ್ತಿರ ಹೋಗಿ, ಕಾವಲಿನವರ ಬಳಿ ಇರುವ ಹೊರಹೋಗುವ ಪುಸ್ತಕ ನೋಡಿ, ಊರಿಗೆ ಹೋದವರೆಷ್ಟು, ಮುದ್ದೆ ಬೇಡ ಎಂದು ಬರೆಸಿದವರೆಷ್ಟು ಎಂದು ಲೆಕ್ಕ ಹಾಕಿಕೊಂಡು ಬಂದರು. ಆ ದಿನ 186. ಅದನ್ನು ಒಂದು ರಟ್ಟಿನ ಚೂರಿನ ಮೇಲೆ ಬರೆದು ಒಲೆಯ ಪಕ್ಕದ ಮೊಳೆಗೆ ಸಿಕ್ಕಿಸಿದರು.

ಆಮೇಲೆ ನೋಡಿದ್ದನ್ನು ಮರೆಯಲಾರೆ. ಎರಡು ಕೊಳಗದಲ್ಲಿ ಎಸರು. ಕುದಿ ಬಂದಾಗ ಮೊದಲು ನೀರಿನಲ್ಲಿ ಕಲಸಿದ ಹಿಟ್ಟು ಬಿಟ್ಟರು. ಅದು ಗಂಜಿಯಂತಾಗಿ ಉಕ್ಕುವ ಹೊತ್ತಿಗೆ ಒಣಹಿಟ್ಟನ್ನು ನಡುವೆ ಗುಡ್ಡೆ ಹಾಕಿ, ಕೋಲಿನಿಂದ ನಡುವಿಗೆ ತೂತು ಮಾಡಿ, ಕೈ ಕಟ್ಟಿ ನಿಂತರು. ಕಲಕಲಿಲ್ಲ. ಹಬೆ ಹಿಟ್ಟಿನೊಳಗೆ ಹೋಗಿ ಬೇಯಬೇಕಂತೆ, ಆತುರಪಟ್ಟು ಕಲಕಿದರೆ ಗಂಟು. ಆಮೇಲೆ ಕೊಳಗವನ್ನು ಕೆಳಗಿಳಿಸಿ, ಒಬ್ಬರು ಅಲುಗದಂತೆ ಕವೆಗೋಲಿನಿಂದ ಅದುಮಿ ಹಿಡಿದರು, ಯಜಮಾನರು ಮುದ್ದೆಕೋಲು ಹಾಕಿ ತಿರುವಿದರು. ಅರವತ್ತರ ಹತ್ತಿರದ ಮನುಷ್ಯ. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಒದ್ದೆ ಕೈಯಲ್ಲಿ ಇಬ್ಬರು ಅಕ್ಕಂದಿರು ಉಂಡೆ ಕಟ್ಟಿ ಒದ್ದೆ ಬಟ್ಟೆಯ ಮೇಲೆ ಹತ್ತರ ಸಾಲಿನಲ್ಲಿ ಇಡುತ್ತಾ ಹೋದರು. ಹದಿನೆಂಟು ಸಾಲು, ಮೇಲೆ ಆರು. ರಟ್ಟಿನ ಮೇಲೆ ಬರೆದದ್ದಕ್ಕೆ ಸರಿಯಾಗಿ ಹೊಂದಿತು. ಊಟ ಮುಗಿದಾಗ ಮಿಕ್ಕದ್ದು ಮೂರು ಮುದ್ದೆ.

"ಬೇರೆ ದಿನ ಯಾಕೆ ಲೆಕ್ಕ ಇಲ್ಲ?" ಎಂದೆ. "ಮುದ್ದೆ ಮಿಕ್ಕರೆ ಬೆಳಿಗ್ಗೆ ಕಲ್ಲು. ಅನ್ನ ಮಿಕ್ಕರೆ ಚಿತ್ರಾನ್ನ ಆಗುತ್ತದಲ್ಲಮ್ಮ" ಎಂದರು.

ಬನ್ನೂರು ಕುರಿ, ಏಪ್ರಿಲ್ 26

ಹದಿನೆಂಟು ಸಾಲು ಮುದ್ದೆ! ಓದುತ್ತಲೇ ಬಸ್ಸಾರಿನ ವಾಸನೆ ಬಂತು. ನಿಮ್ಮ ಮಂಡ್ಯದ ವಿ.ಸಿ. ಫಾರ್ಮ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲೇ ರಾಗಿ ತಜ್ಞ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನೂ ನಮ್ಮದನ್ನೂ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು. ವರದಿಯಲ್ಲಿ ಅದನ್ನೂ ಬರೆಯಿರಿ, ಅಂಕ ಹೆಚ್ಚು ಬರುತ್ತದೆ.

ಕಾರಂಜಿ ದಂಡೆ, ಏಪ್ರಿಲ್ 27

ರಾಗಿಯ ಬಗ್ಗೆ ನಾನೂ ಹೇಳಬಲ್ಲೆ, 100 ಗ್ರಾಂನಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಆದರೆ ಈಗ ಅದಲ್ಲ ಮಾತು. ಆ ಕೊನೆಯ ಸಾಲು ಓದಿ ನನಗೆ ಗಾಬರಿಯಾಯಿತು. ಏಪ್ರಿಲ್ ತಿಂಗಳಲ್ಲಿ, ರಾತ್ರಿಯ ಅನ್ನ, ಬೆಳಿಗ್ಗೆಯ ಚಿತ್ರಾನ್ನ. ರಾತ್ರಿ ಎಲ್ಲಿ ಇಡುತ್ತಾರೆ? ಮುಚ್ಚಿಡುತ್ತಾರೆಯೇ?

ಬೆಲ್ಲದಚ್ಚು, ಮೇ 3

ಭಾನುವಾರದ ತಿಂಡಿಯ ಕಥೆ ಇದೇ. ಇಲ್ಲಿ ಭಾನುವಾರ ಬೆಳಿಗ್ಗೆ ತಪ್ಪದೆ ಚಿತ್ರಾನ್ನ. ಹುಡುಗಿಯರು ಅದನ್ನು "ಶನಿಯ ಪ್ರಸಾದ" ಎನ್ನುತ್ತಾರೆ.

ಶನಿವಾರ ರಾತ್ರಿ ನಿಂತು ಲೆಕ್ಕ ಮಾಡಿದೆ. ಊಟಕ್ಕೆ ಬಂದವರು 140. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಹೆಂಗಸರು ಬಸ್ಸಿಗೆ ದುಡ್ಡು ಕೊಡಬೇಕಿಲ್ಲವಲ್ಲ, ಕೊಳ್ಳೇಗಾಲ, ಚಾಮರಾಜನಗರ, ಮಂಡ್ಯ, ಹುಣಸೂರು ಕಡೆಯವರೆಲ್ಲ ಶನಿವಾರ ಮಧ್ಯಾಹ್ನವೇ ಚೀಲ ಎತ್ತುತ್ತಾರೆ ಎಂದು ಕಾವಲಿನ ಅಕ್ಕ ಹೇಳಿದರು. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದವರು ಈಗ ವಾರ ವಾರ. ಗೇಟಿನ ಪುಸ್ತಕದಲ್ಲಿ ಸಹಿ ಮಾಡುತ್ತಾರೆ, ಮೆಸ್ಸಿಗೆ ಯಾರೂ ತಿಳಿಸುವುದಿಲ್ಲ, ಏಕೆಂದರೆ ಮೆಸ್ ಕಟ್ ಸಿಗಬೇಕಾದರೆ ನಾಲ್ಕು ದಿನ ಸತತವಾಗಿ ಇರಬಾರದೆಂದು ಇಲ್ಲಿನ ನಿಯಮ. ಎರಡು ದಿನಕ್ಕೆ ಯಾರು ಬರೆದುಕೊಡುತ್ತಾರೆ? ಮೆಸ್ಸಿನಲ್ಲಿ ಮಾತ್ರ ಹಳೆಯ ರೂಢಿಯಂತೆ 30 ಕಿಲೋ ಅಕ್ಕಿ.

ತೂಕದ ಯಂತ್ರ ಸ್ಟೋರಿನಲ್ಲೇ ಇತ್ತು. ತಟ್ಟೆಯಲ್ಲಿ ಬಿಟ್ಟ ಅನ್ನ ಬೇರೆ, ಕೊಪ್ಪರಿಗೆಯಲ್ಲಿ ಉಳಿದ ಅನ್ನ ಬೇರೆ ತೂಗಿದೆ. ತಟ್ಟೆಯದು 6 ಕಿಲೋ. ಕೊಪ್ಪರಿಗೆಯದು 34 ಕಿಲೋ. "ಅನ್ನ ಚೆಲ್ಲಬೇಡಿ, ರೈತನ ಬೆವರು" ಎಂಬ ಫಲಕ ಊಟದ ಮನೆಯಲ್ಲಿ ಹುಡುಗಿಯರ ಕಣ್ಣಿಗೆ ಕಾಣುವಂತೆ ಇದೆ. ಅಡುಗೆಮನೆಯಲ್ಲಿ ಅಂಥದ್ದೇನೂ ಇಲ್ಲ.

ಆ 34 ಕಿಲೋವನ್ನು ಮುಚ್ಚಳ ಹಾಕಿ ಹಾಗೆಯೇ ಇಟ್ಟರು. ವಾರ್ಡನ್ ಅವರನ್ನು ಕೇಳಿ ಆ ರಾತ್ರಿ ಹಾಸ್ಟೆಲ್ಲಿನಲ್ಲೇ ಉಳಿದೆ. ಬೆಳಿಗ್ಗೆ ಐದೂವರೆಗೆ ಥರ್ಮಾಮೀಟರ್ ಚುಚ್ಚಿದೆ. ಮೇಲ್ಭಾಗ ತಣ್ಣಗಿತ್ತು. ನಡುವೆ 41 ಡಿಗ್ರಿ. ಇನ್ನೂ ಬೆಚ್ಚಗಿತ್ತು. ಬೆರಳಿಗೆ ಹಿತವಾಗಿತ್ತು, ಅದೇ ಭಯ.

ಕಾರಂಜಿ ದಂಡೆ, ಮೇ 3

ಅದು ಹಿತವಾಗಿರುವುದು ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾಗೆ. ಅಕ್ಕಿಯಲ್ಲಿ ಇದರ ಬೀಜಕಗಳು ಇದ್ದೇ ಇರುತ್ತವೆ, ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಮೊಳೆತು ಬೆಳೆಯುತ್ತವೆ, ವಾಂತಿ ತರಿಸುವ ವಿಷ ಮಾಡುತ್ತವೆ. ಆ ವಿಷ ಒಗ್ಗರಣೆಯ ಬಿಸಿಗೆ ಬಗ್ಗುವುದಿಲ್ಲ. ವಾಸನೆ ಬರುವುದಿಲ್ಲ, ಅನ್ನ ಹಳಸಿದಂತೆ ಕಾಣುವುದೂ ಇಲ್ಲ. ನಿಂಬೆಹುಳಿಯನ್ನು ಆಮೇಲೆ ಹಿಂಡಿದರೆ ಆಗಲೇ ಆದ ವಿಷ ಹೋಗುವುದಿಲ್ಲ.

ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅಷ್ಟು ದೊಡ್ಡ ರಾಶಿ ಎರಡು ಗಂಟೆಯಲ್ಲಿ ಆರುವುದೇ ಇಲ್ಲ, ಅದಕ್ಕೆ ಅಗಲ ತಟ್ಟೆಗಳಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ ಫ್ರಿಜ್ಜಿಗೆ ಸೇರಿಸಬೇಕು. 34 ಕಿಲೋಗೆ ಸಾಲುವ ಫ್ರಿಜ್ಜು ಯಾವ ಮೆಸ್ಸಿನಲ್ಲಿದೆ?

ಅಗ್ರಹಾರದ ಸೌಟು, ಮೇ 4

ನಮ್ಮದು ಮದುವೆ ಅಡುಗೆಯ ಮನೆತನ, ಮೂರನೆಯ ತಲೆಮಾರು. ನಮ್ಮ ತಾತ ಪುಳಿಯೋಗರೆಗೆ ಅನ್ನವನ್ನು ಬಿಳಿ ಪಂಚೆಯ ಮೇಲೆ ಹರಡಿ, ಎಣ್ಣೆ ಸವರಿ, ಬೀಸಣಿಗೆಯಿಂದ ಆರಿಸುತ್ತಿದ್ದರು. ಅನ್ನ ಉದುರುದುರಾಗಲಿ ಎಂದು ಮಾಡುತ್ತಿದ್ದರು, ಬ್ಯಾಕ್ಟೀರಿಯಾದ ಹೆಸರು ಅವರಿಗೆ ಗೊತ್ತಿರಲಿಲ್ಲ. ಪ್ರಯಾಣದ ಬುತ್ತಿಗೆ ಹುಣಸೆ ಗೊಜ್ಜಿನ ಪುಳಿಯೋಗರೆಯನ್ನೇ ಕಟ್ಟುತ್ತಿದ್ದರು, ಚಿತ್ರಾನ್ನವನ್ನಲ್ಲ.

ಆದರೆ ಯಜಮಾನರನ್ನು ದೂರುವುದಕ್ಕೆ ಮುಂಚೆ ಅವರ ಜಾಗದಲ್ಲಿ ನಿಂತು ನೋಡಿ. ಅಡುಗೆಯವನಿಗೆ ಮಿಕ್ಕರೆ ಅವಮಾನವಿಲ್ಲ, ಸಾಲದಿದ್ದರೆ ಅವಮಾನ. ಕೊನೆಯ ಪಂಕ್ತಿಗೆ ಅನ್ನ ಮುಗಿಯಿತು ಎಂದರೆ ನಮ್ಮ ಕಸುಬಿನಲ್ಲಿ ಅದೊಂದು ಸಾವು. ಇನ್ನೂರಕ್ಕೆ ಹೇಳಿದರೆ ಇನ್ನೂರ ಇಪ್ಪತ್ತಕ್ಕೆ ಮಾಡುವುದು ನಮ್ಮ ಕೈಗೆ ಅಂಟಿದ್ದು. ಸಂಖ್ಯೆಯನ್ನೇ ಹೇಳದಿದ್ದರೆ ಅವರು ಪೂರ್ತಿ ದಾಖಲಾತಿಗೆ ಮಾಡದೆ ಇನ್ನೇನು ಮಾಡುತ್ತಾರೆ?

ನಿಲಯಪಾಲಕಿ, ಮೇ 4

ಸರ್ಕಾರಿ ಹಾಸ್ಟೆಲ್ಲಿನಲ್ಲಿ ನಿಲಯಪಾಲಕಿಯಾಗಿದ್ದೇನೆ. ನಮ್ಮಲ್ಲಿ ಬಯೋಮೆಟ್ರಿಕ್ ಹಾಜರಾತಿ ಇದೆ, ಊಟದ ಹಣವೂ ಹಾಜರಾತಿಯ ಮೇಲೆಯೇ. ಸಂಖ್ಯೆ ತಪ್ಪಿದರೆ ಕೈಯಿಂದ ಕಟ್ಟಬೇಕು. ಹಾಗಾಗಿ ಸಂಜೆಯೇ ಎಣಿಸುತ್ತೇವೆ. ಎಣಿಸಿದರೂ ತೊಂದರೆ ಇದೆ: ಊಟಕ್ಕೆ ಇದ್ದೇನೆ ಎಂದು ಹೆಬ್ಬೆಟ್ಟು ಒತ್ತಿ, ಹೊರಗೆ ಗೋಬಿ ತಿಂದು ಬಂದು ಮಲಗುವವರಿಗೆ ಯಾವ ಯಂತ್ರವೂ ಇಲ್ಲ.

ಕೈಮರ, ಮೇ 4

ನಾಲ್ಕು ದಿನ ಸತತವಾಗಿ ಇಲ್ಲದಿದ್ದರೆ ಮಾತ್ರ ಮೆಸ್ ಕಟ್ ಎಂಬ ನಿಯಮವೇ ಕಳ್ಳ. ಎರಡು ದಿನಕ್ಕೂ ಕೊಟ್ಟರೆ ಎಲ್ಲರೂ ತಾವಾಗಿಯೇ ಬರೆದುಕೊಡುತ್ತಾರೆ.

ಲೆಕ್ಕಪತ್ರ, ಮೇ 4

ಕೊಟ್ಟರೆ ಲೆಕ್ಕ ಬರೆಯುವವನ ಗತಿ? ತಿಂಗಳಿಗೆ 240 ಜನ, ನಾಲ್ಕು ವಾರ, ಬಂದದ್ದು ಹೋದದ್ದು. ಆ ನಿಯಮ ಮಾಡಿದವನು ಕಳ್ಳನಲ್ಲ, ಸೋಮಾರಿ. ನಾನೇ ಒಂದು ಕಡೆ ಅಂಥ ನಿಯಮ ಮಾಡಿದ್ದೇನೆ.

ಬೆಲ್ಲದಚ್ಚು, ಮೇ 11

ತಪ್ಪು ಮಾಡಿದೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ.

ಒಂದು ವಾರ ತೂಗಿದ್ದನ್ನೆಲ್ಲ ಸೇರಿಸಿ ಬಣ್ಣಬಣ್ಣದ ನಕ್ಷೆ ಮಾಡಿ ಊಟದ ಮನೆಯ ಸೂಚನಾ ಫಲಕಕ್ಕೆ ಅಂಟಿಸಿದೆ. ವಾರ್ಡನ್ ಅವರಿಗೆ ತೋರಿಸಿ ಒಪ್ಪಿಗೆ ಪಡೆದಿದ್ದೆ. ಯಜಮಾನರಿಗೆ ತೋರಿಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಡುಗಿಯರು ಅದರ ಫೋಟೊ ತೆಗೆದು ಹಂಚಿದರು. "ನಮ್ಮ ದುಡ್ಡು ಕೊಪ್ಪರಿಗೆಯಲ್ಲಿ" ಎಂದು ಒಬ್ಬಳು ಬರೆದಳು. ಸಂಜೆ ಸ್ಟೋರಿನವರು ನಕ್ಷೆ ಕಿತ್ತರು. ಯಜಮಾನರು ಬೈಯಲಿಲ್ಲ. ನನ್ನ ಎದುರಿಗೆ ಈರುಳ್ಳಿಯ ಮೂಟೆ ಇಟ್ಟು, ಈಳಿಗೆ ಮಣೆ ಕೊಟ್ಟು, ಎರಡು ದಿನ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಂಗೋತ್ರಿ 86, ಮೇ 11

ಸೀಮೆಬದನೆಗಿಂತ ದೊಡ್ಡ ತಪ್ಪೇನಲ್ಲ. ನಕ್ಷೆಯಲ್ಲಿ ಅಂಕಿಗಳೆಲ್ಲ ಸರಿಯಾಗಿದ್ದವು, ಅದನ್ನು ನೋಡಬೇಕಾದವರ ಸರದಿ ತಪ್ಪಿತು, ಅಷ್ಟೆ. ಮೊದಲು ಒಲೆ, ಆಮೇಲೆ ಕಚೇರಿ, ಎಲ್ಲಕ್ಕೂ ಕೊನೆಗೆ ಗೋಡೆ. ಅವರ ಹತ್ತಿರ ಹೋಗಿ, ಬುಧವಾರದ ರಟ್ಟಿನ ಚೂರು ಮಿಕ್ಕ ದಿನಗಳಿಗೂ ಆಗುತ್ತದೆಯೇ ಎಂದು ಮಾತ್ರ ಕೇಳಿ. ನಕ್ಷೆಯ ಮಾತೇ ಎತ್ತಬೇಡಿ. ರಟ್ಟು ಅವರದೇ ವಿದ್ಯೆ.

ಕೈಮರ, ಮೇ 11

ತೂಗಿ ಸತ್ಯ ಹೇಳಿದ್ದಕ್ಕೆ ಕ್ಷಮೆ ಏಕೆ ಕೇಳಬೇಕು? ಹುಡುಗಿಯರ ದುಡ್ಡು ಅದು. ಅವರಿಗೆ ಗೊತ್ತಾದದ್ದೇ ಸರಿ.

ಅಗ್ರಹಾರದ ಸೌಟು, ಮೇ 11

ಗೊತ್ತಾಗಲಿ, ಆದರೆ ಅನ್ನ ಕಡಿಮೆ ಮಾಡಬೇಕಾದ ಕೈ ಯಾರದು ಸ್ವಾಮಿ? ಅವರು ಮುನಿಸಿಕೊಂಡು ನಾಳೆ 35 ಕಿಲೋ ಹಾಕಿದರೆ ನೀವು ಬಂದು ತಿನ್ನುತ್ತೀರಾ?

ಬೆಲ್ಲದಚ್ಚು, ಮೇ 20

ಗಂಗೋತ್ರಿಯವರು ಹೇಳಿದಂತೆಯೇ ಕೇಳಿದೆ. ಯಜಮಾನರು ತುಸು ಹೊತ್ತು ಸೌಟು ತೊಳೆಯುತ್ತಲೇ ಇದ್ದರು. ಆಮೇಲೆ "ನಾಲ್ಕು ಗಂಟೆಗೆ ಗೇಟಿಗೆ ಹೋಗುವವರು ಯಾರು? ಆ ಹೊತ್ತಿಗೆ ಅಕ್ಕಂದಿರು ತರಕಾರಿಯಲ್ಲಿರುತ್ತಾರೆ" ಎಂದರು. ನಾನು ಹೋಗುತ್ತೇನೆ ಎಂದೆ. "ನೀನು ಹೋದ ಮೇಲೆ?" ಎಂದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಕಾವಲಿನ ಅಕ್ಕನೇ ದಾರಿ ತೋರಿಸಿದರು: ಸಂಜೆಯ ಹಾಲಿನವನು ಮೂರೂಮುಕ್ಕಾಲಿಗೆ ಗೇಟು ದಾಟಿ ಅಡುಗೆಮನೆಗೆ ಬರುತ್ತಾನೆ, ಚೀಟಿಯನ್ನು ಅವನ ಕೈಯಲ್ಲಿ ಕೊಟ್ಟರಾಯಿತು. ಈಗ ಒಂದು ವಾರದಿಂದ ಚೀಟಿ ಹಾಲಿನ ಕ್ಯಾನಿನ ಜೊತೆ ಬರುತ್ತಿದೆ.

ಯಜಮಾನರು ಚೀಟಿಯ ಸಂಖ್ಯೆಗೆ ಹತ್ತು ಸೇರಿಸಿ ಅಕ್ಕಿ ಅಳೆಯುತ್ತಾರೆ. ಕಳೆದ ಶನಿವಾರ ಚೀಟಿಯಲ್ಲಿ 138. ಅಕ್ಕಿ ಹದಿನೆಂಟೂವರೆ ಕಿಲೋ. ಕೊಪ್ಪರಿಗೆಯಲ್ಲಿ ಉಳಿದದ್ದು 4 ಕಿಲೋ. ಸಾಲದೆ ಬಂದರೆ ಎಂದು ಒಂದು ಸಣ್ಣ ಕುಕ್ಕರಿನಲ್ಲಿ ಅಕ್ಕಿ ತೊಳೆದು ಪಕ್ಕದಲ್ಲಿ ಇಟ್ಟಿರುತ್ತಾರೆ, ಇಪ್ಪತ್ತು ನಿಮಿಷದಲ್ಲಿ ಆಗುವಂತೆ. ಅದನ್ನು ಒಲೆಗೆ ಏರಿಸಬೇಕಾದದ್ದು ಒಂದೇ ದಿನ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು. ಹುಡುಗಿಯರು ಅದಕ್ಕೂ ಮೂಗು ಮುರಿದರು ಎಂಬುದು ಬೇರೆ ಮಾತು.

ಕಾರಂಜಿ ದಂಡೆ, ಮೇ 20

ನನಗೆ ಈಗ ನಿದ್ದೆ ಬರುತ್ತದೆ. ಆ 4 ಕಿಲೋವನ್ನೂ ಇಡಬೇಡಿ.

ಬೆಲ್ಲದಚ್ಚು, ಮೇ 25

ಆ 4 ಕಿಲೋವನ್ನು ಕುರಿತೇ ಬರೆಯಬೇಕಾಗಿದೆ. ಒಂದು ವಾರದಿಂದ ನನ್ನನ್ನು ಕೊರೆಯುತ್ತಿದೆ.

ಮೊದಲು ರಾತ್ರಿ ಕೊಪ್ಪರಿಗೆ ಮುಚ್ಚುವ ಮುಂಚೆ ಪಾತ್ರೆ ತೊಳೆಯುವ ಅಕ್ಕಂದಿರು ಒಂದೊಂದು ಸ್ಟೀಲ್ ಡಬ್ಬಿಯಲ್ಲಿ ಅನ್ನ ಸಾರು ತುಂಬಿಕೊಂಡು ಮನೆಗೆ ಹೋಗುತ್ತಿದ್ದರು. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಹಂದಿ ಸಾಕುವವರು ಡ್ರಮ್ ತಂದು ತಟ್ಟೆಯ ಎಂಜಲನ್ನು ಒಯ್ಯುತ್ತಿದ್ದರು. ನಾನು ತೂಗುವಾಗ ಡಬ್ಬಿಗಳು ಆಗಲೇ ಹೋಗಿರುತ್ತಿದ್ದವು, ಹಾಗಾಗಿ ನನ್ನ ಲೆಕ್ಕದಲ್ಲಿ ಅವು ಇಲ್ಲವೇ ಇಲ್ಲ.

ಮೊನ್ನೆ ರಾತ್ರಿ ಕೊಪ್ಪರಿಗೆ ತಳ ಕಂಡಿತ್ತು. ಒಬ್ಬ ಅಕ್ಕ ಡಬ್ಬಿಯನ್ನು ತೊಳೆದು, ಒರೆಸಿ, ಖಾಲಿಯಾಗಿಯೇ ಚೀಲಕ್ಕೆ ಹಾಕಿಕೊಂಡರು. ನನ್ನನ್ನು ನೋಡಿ ನಕ್ಕರು. "ಲೆಕ್ಕ ಚೆನ್ನಾಗಿ ಕಲಿತೆ ಕಣಮ್ಮ" ಎಂದರು. ಕೊಂಕಿರಲಿಲ್ಲ ಎನಿಸುತ್ತದೆ. ಇತ್ತೋ ಏನೋ.

ಲೆಕ್ಕಪತ್ರ, ಮೇ 25

ನಿಯಮದ ಪ್ರಕಾರ ಆಹಾರ ಹೊರಗೆ ಹೋಗುವಂತಿಲ್ಲ. ಡಬ್ಬಿಗಾಗಿ ಅನ್ನ ಮಿಗಿಸಿ ಎನ್ನಲು ಬರುವುದಿಲ್ಲ.

ನಿಲಯಪಾಲಕಿ, ಮೇ 25

ನಿಯಮ ನನಗೂ ಗೊತ್ತಿದೆ ಸರ್. ಸಂಜೆ ನಾಲ್ಕಕ್ಕೆ ಬಂದು ಹತ್ತಕ್ಕೆ ಹೋಗುವ ಹೆಂಗಸು ಮನೆಗೆ ಹೋಗಿ ಒಲೆ ಹಚ್ಚಬೇಕು. ಅವರು ಹೊರಗುತ್ತಿಗೆಯವರು, ಸಂಬಳ ಎಷ್ಟು, ಯಾವಾಗ ಬರುತ್ತದೆ ಎಂದು ಕೇಳಬೇಡಿ. ಬೆಲ್ಲದಚ್ಚು, ನಿಮ್ಮ ಚೀಟಿಯಲ್ಲಿ ಅಡುಗೆಯವರ ಊಟ ಸೇರಿದೆಯೇ? ಅವರು ಅಲ್ಲಿಯೇ ಉಣ್ಣುತ್ತಾರಲ್ಲ?

ಬೆಲ್ಲದಚ್ಚು, ಮೇ 25

ಇಲ್ಲ. ಕಾವಲಿನವರನ್ನೂ ಸೇರಿಸಿ ಹದಿಮೂರು ಜನ. ಗೇಟಿನ ಪುಸ್ತಕದಲ್ಲಿ ಹುಡುಗಿಯರ ಹೆಸರು ಮಾತ್ರ ಇರುವುದರಿಂದ ನಾನೂ ಅವರನ್ನಷ್ಟೇ ಎಣಿಸಿದೆ. ಯಜಮಾನರು ಸೇರಿಸುತ್ತಿದ್ದ ಹತ್ತು ಭಯಕ್ಕೆ ಎಂದುಕೊಂಡಿದ್ದೆ.

ಅಗ್ರಹಾರದ ಸೌಟು, ಮೇ 26

ನಮ್ಮಲ್ಲಿ ಮದುವೆಯ ಲೆಕ್ಕ ಬರೆಯುವಾಗ ಮೊದಲ ಸಾಲು "ಅಡುಗೆಯವರು, ಬಡಿಸುವವರು, ಎಲೆ ಎತ್ತುವವರು". ಆಮೇಲೆ ಬೀಗರು. ಅವರ ಊಟ, ಮನೆಗೆ ಒಯ್ಯುವ ಪೊಟ್ಟಣ ಎಲ್ಲ ಮಾತಿನಲ್ಲೇ ಸೇರಿರುತ್ತದೆ. ಕದ್ದು ಒಯ್ಯುವ ಪ್ರಶ್ನೆಯೇ ಬರುವುದಿಲ್ಲ.

ಬೆಲ್ಲದಚ್ಚು, ಜೂನ್ 1

ವರದಿ ಒಪ್ಪಿಸಿದೆ. ಅದರಲ್ಲಿ 41 ಡಿಗ್ರಿಯ ಮಾತಿದೆ, ಚೀಟಿಯ ಮಾತಿದೆ, ನಾಲ್ಕು ದಿನದ ಮೆಸ್ ಕಟ್ ನಿಯಮವನ್ನು ಎರಡಕ್ಕೆ ಇಳಿಸಿ ಎಂಬ ಮನವಿಯೂ ಇದೆ. ಕಚೇರಿಯಲ್ಲಿ ಅದನ್ನು ಓದಿ "ನೋಡೋಣ" ಎಂದರು. ಡಬ್ಬಿಯ ಮಾತು ವರದಿಯಲ್ಲಿ ಬರೆಯಲಿಲ್ಲ. ಬರೆದರೆ ಯಾರೋ ಒಬ್ಬರು ನಿಲ್ಲಿಸಿಬಿಡುತ್ತಾರೆ ಎಂದು ಅನಿಸಿತು. ಇದು ಸರಿಯೋ ತಪ್ಪೋ, ಲೆಕ್ಕಪತ್ರದವರು ಬೈಯಬಹುದು.

ಅದರ ಬದಲು ಕೊನೆಯ ದಿನ ಯಜಮಾನರ ಹತ್ತಿರ ಮಾತಾಡಿದೆ. ಅವರು ಮೊಳೆಯಿಂದ ಚೀಟಿ ತೆಗೆದರು. ಕಾವಲಿನ ಅಕ್ಕ 204 ಎಂದು ಬರೆದಿದ್ದರು. ಯಜಮಾನರು ನನ್ನ ಪೆನ್ನು ಇಸಿದುಕೊಂಡು ಅದರ ಕೆಳಗೆ 13 ಎಂದು ಬರೆದರು. ಒಂದು ಗಳಿಗೆ ಬಿಟ್ಟು ಅದರ ಕೆಳಗೆ ಇನ್ನೊಂದು 13. ಕೂಡಿಸಿ 230 ಎಂದು ಗೆರೆ ಎಳೆದರು. ಎರಡನೆಯ ಹದಿಮೂರು ಏನೆಂದು ನಾನು ಕೇಳಲಿಲ್ಲ. ಮೊದಲು ಸೇರಿಸುತ್ತಿದ್ದ ಹತ್ತನ್ನು ಆ ದಿನ ಸೇರಿಸಲೂ ಇಲ್ಲ.

ಲೆಕ್ಕಪತ್ರ, ಜೂನ್ 1

ಬೈಯುವುದಿಲ್ಲ. ಕೂಡಿದ್ದು ಸರಿಯಾಗಿದೆ.

ಕೈಮರ, ಜೂನ್ 2

ಆರು ವಾರ ಬಿಟ್ಟಿ ದುಡಿಸಿಕೊಂಡರು ಎಂಬ ನನ್ನ ಮಾತು ಹಾಗೆಯೇ ಇದೆ. ಪ್ರಮಾಣಪತ್ರದಲ್ಲಿ ಏನು ಬರೆದರು?

ಬೆಲ್ಲದಚ್ಚು, ಜೂನ್ 2

"ತೃಪ್ತಿಕರ" ಎಂದು. ಯಜಮಾನರು ಒಂದು ಹಳೆಯ ಮುದ್ದೆಕೋಲು ಕೊಟ್ಟರು, ತುದಿ ಸವೆದಿದೆ. ಬಸ್ಸಿನಲ್ಲಿ ಮಂಡ್ಯದವರೆಗೆ ಅದನ್ನು ಹಿಡಿದು ನಿಂತೇ ಬಂದೆ. ಎಲ್ಲರೂ ನನ್ನಿಂದ ಒಂದಡಿ ದೂರ ನಿಂತಿದ್ದರು.

ಬನ್ನೂರು ಕುರಿ, ಜೂನ್ 2

ಮನೆಯಲ್ಲಿ ಮುದ್ದೆ ತಿರುವಿದಿರಾ? ಗಂಟು ಬಂತೇ?

ಬೆಲ್ಲದಚ್ಚು, ಜೂನ್ 3

ಬಂತು. ಆತುರಪಟ್ಟೆ. ಅಮ್ಮ ಆಗಲೇ ಬೀದಿಗೆಲ್ಲ ಹೇಳಿದ್ದಾರೆ.